45ಕ್ಕೆ ಹೊಸ ಕೆಲಸ: ಎಲ್ಲಿಂದ ಶುರು ಮಾಡೋದು?

ಪ್ಲೇಸ್‌ಮೆಂಟ್ ಬಗ್ಗೆ ನಾವು ದಿನಾ ಮಾತಾಡ್ತೇವೆ. ಆದರೆ ನಮ್ಮಲ್ಲಿ ಕೆಲವರ ಮನೆಯಲ್ಲಿ ಈಗ ಕೆಲಸ ಹುಡುಕ್ತಾ ಇರೋದು ಅಪ್ಪ. ಗಲ್ಫಿನಲ್ಲಿ 20 ವರ್ಷ ದುಡಿದು, ಕೆಲಸ ಹೋಗಿ ಶಕ್ತಿನಗರದ ಮನೆಗೆ ವಾಪಸ್ ಬಂದವರು. ವಯಸ್ಸು 45 ದಾಟಿದೆ, ನಮ್ಮ ಫೀಸು ಇನ್ನೂ ಬಾಕಿ ಇದೆ. "ಈ ಪ್ರಾಯದಲ್ಲಿ ಇನ್ನೆಂತ ಕಲಿಯುವುದು ಮಾರಾಯ?" ಅಂತ ಅವರು ಕೇಳಿದರೆ ನಮ್ಮ ಹತ್ತಿರ ಉತ್ತರ ಇರೋದಿಲ್ಲ.

ಉತ್ತರಕ್ಕೆ ನಮ್ಮ ಜಿಲ್ಲೆಯ ಸುಳ್ಯದ ಕಡೆ ನೋಡೋಣ. ಗಿರೀಶ್ ಭಾರದ್ವಾಜ್ 1973ರಲ್ಲಿ ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮುಗಿಸಿ, ಊರಿಗೆ ಬಂದು ವರ್ಕ್‌ಶಾಪ್ ನಡೆಸುತ್ತಿದ್ದವರು. ಪಯಸ್ವಿನಿ ದಾಟಲು ದಾರಿ ಬೇಕು ಅಂತ ಅರಂಬೂರಿನವರು ಕೇಳಿದಾಗ ಅವರಿಗೆ 40ರ ಹತ್ತಿರ. ಸೇತುವೆ ಅಂದ್ರೆ ಸಿವಿಲ್‌ನವರ ಕೆಲಸ, ನಮ್ಮ ಬ್ರ್ಯಾಂಚ್ ಅಲ್ಲ ಅಂತ ಹೇಳಿ ಕಳಿಸಬಹುದಿತ್ತು. ಆದರೆ ಊರಿಗೆ ಬೇಕಾಗಿದ್ದದ್ದು ಲಾರಿ ಹೋಗುವ ಕಾಂಕ್ರೀಟ್ ಸೇತುವೆ ಅಲ್ಲ, ಜನ ನಡೆದು ದಾಟುವ ತೂಗುಸೇತುವೆ. ಅದರಲ್ಲಿ ಉಕ್ಕಿನ ಹಗ್ಗ, ಫ್ಯಾಬ್ರಿಕೇಶನ್, ಜೋಡಣೆ ಇವೆಲ್ಲ ವರ್ಕ್‌ಶಾಪಿನವರ ಕೈಗೆ ದೂರದ್ದೇನಲ್ಲ. 1989ರಲ್ಲಿ ಅದು ಎದ್ದು ನಿಂತಿತು. ಆಮೇಲೆ ಕೇರಳ, ಒಡಿಶಾದವರೆಗೆ ನೂರಕ್ಕೂ ಹೆಚ್ಚು ಸೇತುವೆ, 2017ರಲ್ಲಿ ಪದ್ಮಶ್ರೀ. ನಮಗೆ ಪ್ರಶಸ್ತಿಗಿಂತ ಮುಖ್ಯ ಅನ್ನಿಸೋದು, ಅವರು ಹಳೆಯ ಕೆಲಸ ಬಿಸಾಡಿ ಹಾರಲಿಲ್ಲ, ಅದರ ಪಕ್ಕದ ಕೆಲಸಕ್ಕೆ ಕಾಲಿಟ್ಟರು ಅನ್ನೋದು.

ಈಗ ಅಪ್ಪ ಎಸಿ ಟೆಕ್ನಿಷಿಯನ್ ಆಗಿದ್ದರು ಅಂತಿಟ್ಟುಕೊಳ್ಳಿ. ಹಾಳೆಯಲ್ಲಿ ಆ ಹುದ್ದೆಯ ಹೆಸರು ಬರೆಯಬೇಡಿ, ಕೈಗೆ ಬರುವುದನ್ನು ಬರೆಯಿರಿ: ಗ್ಯಾಸ್ ಲೀಕ್ ಹುಡುಕುವುದು, ತಾಮ್ರದ ಪೈಪ್ ಬ್ರೇಜಿಂಗ್, ವೈರಿಂಗ್ ಡಯಾಗ್ರಾಮ್ ಓದುವುದು, ಜಾಗ ನೋಡಿ ಎಸ್ಟಿಮೇಟ್ ಹೇಳುವುದು, ಹಿಂದಿ-ಮಲಯಾಳಂ ಮಾತಾಡಿ ಎಂಟು ಜನರಿಂದ ಕೆಲಸ ಮಾಡಿಸುವುದು. ಈ ಕೊನೆಯದ್ದನ್ನು ಯಾರೂ ಬರೆಯೋದಿಲ್ಲ, ಸ್ವಂತ ಉದ್ಯೋಗಕ್ಕೆ ಅದೇ ಹೆಚ್ಚು ಬೇಕು.

ಆಮೇಲೆ ಹೊರಗೆ ನಡೆಯಿರಿ. ಶಕ್ತಿನಗರದಿಂದ ಕುಲಶೇಖರ, ಬಿಕರ್ನಕಟ್ಟೆವರೆಗಿನ ಫ್ಲ್ಯಾಟು, ಕ್ಲಿನಿಕ್, ಹಾಸ್ಟೆಲ್‌ಗಳಲ್ಲಿ ಎಸಿ, ಫ್ರಿಜ್ ಕೆಟ್ಟರೆ ಯಾರು ಬರ್ತಾರೆ, ಎಷ್ಟು ದಿನಕ್ಕೆ ಬರ್ತಾರೆ ಅಂತ ಕೇಳಿ. ಎಸಿ ಕೆಲಸ ಮಾರ್ಚ್‌ನಿಂದ ಮೇವರೆಗೆ ಜೋರು, ಮಳೆ ಹಿಡಿದರೆ ಖಾಲಿ. ಮಳೆಗಾಲಕ್ಕೆ ಬಂದರಿನ ಐಸ್ ಪ್ಲ್ಯಾಂಟ್‌ಗಳಲ್ಲಿ ವಿಚಾರಿಸಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ರಿಪೇರಿಗೆ ಒಳ್ಳೆ ಬಿಡುವು. ಆದರೆ ದೊಡ್ಡ ಐಸ್ ಪ್ಲ್ಯಾಂಟಿನಲ್ಲಿ ಸಾಮಾನ್ಯವಾಗಿ ಇರೋದು ಅಮೋನಿಯ. ಅದು ತಾಮ್ರವನ್ನು ತಿನ್ನುವುದರಿಂದ ಪೈಪು ಉಕ್ಕಿನದು. ಅಲ್ಲಿ ಬ್ರೇಜಿಂಗ್ ನಡೆಯೋದಿಲ್ಲ, ವೆಲ್ಡಿಂಗ್ ಬೇಕು. ಅಮೋನಿಯ ಸೋರಿದರೆ ಜೀವಕ್ಕೇ ಅಪಾಯ, ಹಾಗಾಗಿ ಸುರಕ್ಷತೆಯನ್ನೂ ಕಲಿಯಲೇಬೇಕು. ಎಂತ ಕಲಿಯುವುದು ಅನ್ನೋ ಪ್ರಶ್ನೆ ಇಲ್ಲಿಗೆ ಬಂದಾಗ ಎಷ್ಟು ಚಿಕ್ಕದಾಯ್ತು ನೋಡಿ.

ದುಡ್ಡಿನ ವಿಷಯಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರ ಹತ್ತಿರದ ಯೆಯ್ಯಾಡಿಯಲ್ಲೇ ಇದೆ. ಕೇಂದ್ರ ಸರ್ಕಾರದ ಪಿಎಂಇಜಿಪಿ ಸಾಲ ಯೋಜನೆಗೆ 18 ತುಂಬಿರಬೇಕು ಅಷ್ಟೇ, ವಯಸ್ಸಿನ ಮೇಲ್ಮಿತಿ ಇಲ್ಲ. 2022ರ ಪರಿಷ್ಕರಣೆಯಂತೆ ಸೇವಾ ಘಟಕಕ್ಕೆ ಯೋಜನಾ ವೆಚ್ಚ 20 ಲಕ್ಷದವರೆಗೆ ಇರಬಹುದು. ಒಂದು ವಿಷಯ ಮೊದಲೇ ಗೊತ್ತಿರಲಿ: ಸಬ್ಸಿಡಿ ಕೈಗೆ ಬರೋದಿಲ್ಲ. ಅದು ಬ್ಯಾಂಕಿನಲ್ಲಿ 3 ವರ್ಷ ಠೇವಣಿಯಾಗಿ ಇರುತ್ತದೆ. ಹಾಗಾಗಿ ಮಳೆಗಾಲದ ಕಂತುಗಳಿಗೆ ಬೇರೆ ದುಡ್ಡು ಎತ್ತಿಟ್ಟೇ ಅರ್ಜಿ ಹಾಕಬೇಕು.