ಗಿರಿಯ ಮೇಲಣ ಕುರಿಂಜಿ

ಮಳೆಗಾಲದ ಕೊನೆಯಲ್ಲಿ ಬೆಟ್ಟವನ್ನೇರುವ ನಾವು ಶಿಖರವನ್ನೇ ದಿಟ್ಟಿಸುತ್ತ, ಕಾಲ್ದಾರಿಯ ಪಕ್ಕದ ಪೊದೆಗಳನ್ನು ಲಕ್ಷಿಸದೆ ಹೋಗುತ್ತೇವೆ. ಚಿಕ್ಕಮಗಳೂರು ಸೀಮೆಯ ಚಂದ್ರದ್ರೋಣ ಪರ್ವತದ ಹುಲ್ಲುಗಾವಲುಗಳಲ್ಲಿ ಬೆಳೆಯುವ ಕುರಿಂಜಿಯನ್ನು ನೋಡೋಣ. ನೀಲಕುರಿಂಜಿಯೆಂಬ ಜಾತಿಯು 12 ವರ್ಷಗಳಿಗೊಮ್ಮೆ ಮಾತ್ರ, ನೆರೆಯ ಪೊದೆಗಳೆಲ್ಲದರೊಡನೆ ಏಕಕಾಲದಲ್ಲಿ ಅರಳುತ್ತದೆ. ಕೇರಳದ ಮುನ್ನಾರಿನಲ್ಲಿ 2006ರಲ್ಲಿಯೂ 2018ರಲ್ಲಿಯೂ ಹೀಗೆ ಅರಳಿತು. ಆಗ ಜೇನುನೊಣಗಳು ಹೂವಿನಿಂದ ಹೂವಿಗೆ ಪರಾಗವನ್ನೊಯ್ಯುತ್ತವೆ. ಬೀಜವು ಬಲಿತ ತರುವಾಯ ಗಿಡವು ಸಾಯುತ್ತದೆ. ಬೀಜಗಳು ಒಮ್ಮೆಲೇ ಅಪಾರವಾಗಿ ಉದುರುವುದರಿಂದ, ಪ್ರಾಣಿಪಕ್ಷಿಗಳು ತಿಂದು ಮಿಕ್ಕವು ಮೊಳೆಯುವವೆಂದು ಸಸ್ಯಶಾಸ್ತ್ರಜ್ಞರು ಊಹಿಸುತ್ತಾರೆ. ಮಲ್ಲಿಗೆಯನ್ನು ಕಿತ್ತರೆ ಬಳ್ಳಿಯು ಮತ್ತೆ ಹೂ ಬಿಡುವುದು. ಕುರಿಂಜಿಯ ಗೊಂಚಲನ್ನು ಕಿತ್ತರೆ ಆ ಗಿಡದ ಸಂತಾನಕ್ಕೇ ನಷ್ಟವು. ಆದಕಾರಣ, ಸೋದರಿಯರೇ, ಸೃಷ್ಟಿಕರ್ತನು ಉಡಿಸಿದ ಈ ನೀಲವಸ್ತ್ರವನ್ನು ಕಣ್ತುಂಬ ನೋಡಿ, ಬರಿಗೈಯಲ್ಲಿ ಇಳಿದು ಬರೋಣ.