ದೂರವಾಣಿಯ ತುದಿಯಲ್ಲಿ ಒಂದು ಜೀವ

ನಡುರಾತ್ರಿ. ಅಮೆರಿಕದ ವಾಷಿಂಗ್‌ಟನ್ ರಾಜ್ಯದ ಸಿಯಾಟಲ್ ನಗರದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ನೀರು ಕುಡಿಯಲೆಂದು ಎದ್ದ ಯಜಮಾನರು ಅಡಿಗೆಮನೆಯ ಹೊಸ್ತಿಲಲ್ಲಿಯೇ ಕುಸಿದು ಬಿದ್ದಿದ್ದಾರೆ. ಮನೆಯಲ್ಲಿ ಬೇರಾರೂ ಇಲ್ಲ. ಅರವತ್ತು ದಾಟಿದ ಪತ್ನಿಯೊಬ್ಬರೇ. ಆಕೆ ನಡುಗುವ ಕೈಯಿಂದ 911 ಸಂಖ್ಯೆಗೆ ಕರೆ ಮಾಡುತ್ತಾರೆ. ಅತ್ತ ಕಡೆಯಿಂದ ಗಾಬರಿಯಿಲ್ಲದ ಒಂದು ದನಿ ಕೇಳಿಬರುತ್ತದೆ.

“ಅವರಿಗೆ ಪ್ರಜ್ಞೆ ಇದೆಯೆ?”

“ಇಲ್ಲ, ಎಷ್ಟು ಕರೆದರೂ ಏಳುತ್ತಿಲ್ಲ.”

“ಉಸಿರಾಟ ಎಂದಿನಂತೆ ಇದೆಯೆ?”

“ಉಸಿರೇನೋ ಇದೆ... ಆಗೊಮ್ಮೆ ಈಗೊಮ್ಮೆ, ಗೊರಕೆಯ ಹಾಗೆ.”

ಈ ಕೊನೆಯ ಉತ್ತರದಲ್ಲಿಯೇ ಅಪಾಯ ಅಡಗಿದೆ. ಹೃದಯ ನಿಂತ ಮೇಲೂ ಕೆಲವು ನಿಮಿಷಗಳ ಕಾಲ ಬಾಯಿ ತೆರೆಯುವುದುಂಟು, ಗಂಟಲು ಗೊರಗುಟ್ಟುವುದುಂಟು. ಕಣ್ಣೆದುರಿಗಿರುವ ಮಡದಿ ಅದನ್ನು ಉಸಿರೆಂದೇ ನಂಬುತ್ತಾಳೆ. ಪಳಗಿದ ಆಪರೇಟರನ ಕಿವಿಗಾದರೋ ಅದು ಪ್ರಾಣ ಹೋಗುತ್ತಿರುವ ಸದ್ದು. ‘ಉಸಿರಿದೆಯೆ’ ಎಂದು ಕೇಳದೆ ‘ಎಂದಿನಂತೆ ಇದೆಯೆ’ ಎಂದು ಕೇಳುವುದು ಇದಕ್ಕಾಗಿಯೇ. ಪ್ರಜ್ಞೆಯಿಲ್ಲ, ಉಸಿರು ಸರಿಯಿಲ್ಲ. ಎರಡು ಉತ್ತರಗಳಾದೊಡನೆ ಮೂರನೆಯ ಪ್ರಶ್ನೆಗೆ ಕಾಯುವಂತಿಲ್ಲ.

“ಅಮ್ಮಾ, ಆಂಬುಲೆನ್ಸ್ ಹೊರಟಿದೆ. ಅದು ಬರುವವರೆಗೆ ಏನು ಮಾಡಬೇಕೆಂದು ನಾನು ಹೇಳುತ್ತೇನೆ. ಅವರನ್ನು ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಟ್ಟನಡುವೆ ಒಂದು ಅಂಗೈಯ ಬುಡವನ್ನಿಡಿ. ಅದರ ಮೇಲೆ ಇನ್ನೊಂದು ಕೈ. ಮೊಳಕೈ ಮಡಿಸದೆ ಬಲವಾಗಿ ಒತ್ತಿ. ನನ್ನೊಡನೆ ಎಣಿಸಿ: ಒಂದು, ಎರಡು, ಮೂರು, ನಾಲ್ಕು...”

ಎರಡು ಕೈಗಳ ವಿದ್ಯೆ

ಹೃದಯ ಹಠಾತ್ತನೆ ನಿಂತರೆ ರಕ್ತವಿಲ್ಲದೆ ಮೆದುಳು ತಾಳಬಲ್ಲದ್ದು ನಾಲ್ಕಾರು ನಿಮಿಷ ಮಾತ್ರ. ಯಾವ ನೆರವೂ ಇಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಂಭವ ನೂರಕ್ಕೆ 7ರಿಂದ 10ರಷ್ಟು ತಗ್ಗುತ್ತದೆಂದು ವೈದ್ಯರ ಲೆಕ್ಕ. ಆಂಬುಲೆನ್ಸ್ ಎಷ್ಟೇ ವೇಗವಾಗಿ ಬಂದರೂ ಆ ನಿಮಿಷಗಳನ್ನು ತುಂಬಬೇಕಾದವರು ಪಕ್ಕದಲ್ಲಿರುವವರೇ.

ಹಿಂದೆ ನಿಂತ ಹೃದಯವನ್ನು ನಡೆಸಬೇಕಾದರೆ ವೈದ್ಯರು ಎದೆಯನ್ನು ಸೀಳಿ ಕೈಯಿಂದಲೇ ಅದನ್ನು ಹಿಸುಕಬೇಕಾಗಿತ್ತು. 1960ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ವಿಲಿಯಂ ಕೌವೆನ್‌ಹೋವೆನ್, ಜೇಮ್ಸ್ ಜೂಡ್ ಮತ್ತು ಗೈ ನಿಕ್ಕರ್‌ಬಾಕರ್ ಎಂಬ ಮೂವರು, ಹೊರಗಿನಿಂದ ಎದೆಯನ್ನು ಒತ್ತಿದರೂ ಮೆದುಳಿಗೆ ರಕ್ತ ಹರಿಯುವುದೆಂದು ಪ್ರಕಟಿಸಿದರು. ಅವರಲ್ಲಿ ಕೌವೆನ್‌ಹೋವೆನ್ ವೈದ್ಯರೇ ಅಲ್ಲ, ವಿದ್ಯುತ್ ಎಂಜಿನಿಯರು! ಇಂದು ಸಿ.ಪಿ.ಆರ್. ಎಂಬ ಮೂರಕ್ಷರಗಳಿಂದ ಪ್ರಸಿದ್ಧವಾಗಿರುವ ವಿದ್ಯೆಗೆ ತಳಹದಿ ಅದೇ. ಅದಕ್ಕೆ ಉಪಕರಣ ಬೇಡ, ಎರಡು ಕೈಗಳು ಸಾಕು.

ಆದರೆ ಆ ಕೈಗಳು ಮುಂದೆ ಬರಬೇಕಲ್ಲ? ಹೃದಯಸ್ತಂಭನಗಳಲ್ಲಿ ಹೆಚ್ಚಿನವು ಮನೆಯಲ್ಲಿಯೇ ಸಂಭವಿಸುತ್ತವೆ. ಬಳಿಯಲ್ಲಿರುವವರು ಹೆಂಡತಿ, ಮಗ, ಸೊಸೆ. ಅವರು ಈ ವಿದ್ಯೆಯನ್ನು ಕಲಿತವರಲ್ಲ. ಕಲಿತಿದ್ದರೂ ಆ ಗಳಿಗೆಯಲ್ಲಿ ನೆನಪಾಗುವುದಿಲ್ಲ.

ಕಲಿಯದವರಿಗೆ ಅಲ್ಲಿಯೇ ಪಾಠ

ಸಿಯಾಟಲ್ ನಗರವನ್ನೊಳಗೊಂಡ ಕಿಂಗ್ ಕೌಂಟಿಯಲ್ಲಿ ಡಾ॥ ಮಿಕ್ಕಿ ಐಸೆನ್‌ಬರ್ಗ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಉಪಾಯ ಹೂಡಿದರು. ಹೇಗೂ ಜನ ದೂರವಾಣಿಯಲ್ಲಿ ನೆರವು ಕೇಳುತ್ತಾರೆ. ಅದೇ ದೂರವಾಣಿಯಲ್ಲಿ ಪಾಠವನ್ನೂ ಏಕೆ ಹೇಳಬಾರದು? 1985ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ಅದಕ್ಕೆ ಮೊದಲು ನೂರಕ್ಕೆ 45 ರೋಗಿಗಳಿಗೆ ಮಾತ್ರ ಪಕ್ಕದಲ್ಲಿದ್ದವರಿಂದ ಈ ನೆರವು ದೊರೆಯುತ್ತಿತ್ತು. ಪಾಠ ಆರಂಭವಾದ ಮೇಲೆ ಅದು 56ಕ್ಕೆ ಏರಿತು.

ಪಾಠವೂ ಬರಬರುತ್ತ ಚಿಕ್ಕದಾಯಿತು. ಮೊದಲು ಬಾಯಿಗೆ ಬಾಯಿಟ್ಟು ಉಸಿರೂದುವುದನ್ನೂ ಹೇಳಿಕೊಡುತ್ತಿದ್ದರು. 2000ದಲ್ಲಿ ಸಿಯಾಟಲಿನಿಂದಲೇ 520 ರೋಗಿಗಳ ಪರೀಕ್ಷೆಯೊಂದರ ಫಲ ಹೊರಬಿತ್ತು. ಎದೆ ಒತ್ತುವುದನ್ನು ಮಾತ್ರ ಹೇಳಿಕೊಟ್ಟಲ್ಲಿ ನೂರಕ್ಕೆ 14.6 ಮಂದಿ, ಉಸಿರೂದುವುದನ್ನೂ ಸೇರಿಸಿದಲ್ಲಿ 10.4 ಮಂದಿ ಬದುಕಿ ಆಸ್ಪತ್ರೆಯಿಂದ ಹೊರಬಂದರು. ಈ ಅಂತರ ಆಕಸ್ಮಿಕವಿರಬಹುದೆಂದು ಒಪ್ಪಿದರೂ, ಚಿಕ್ಕ ಪಾಠದಿಂದ ನಷ್ಟವಿಲ್ಲವೆಂಬುದಂತೂ ತಿಳಿಯಿತು. ಸುಮಾರು ಒಂದೂವರೆ ನಿಮಿಷವೂ ಉಳಿಯಿತು. ಆದುದರಿಂದ ಈಗ ದೊಡ್ಡವರು ಹಠಾತ್ತನೆ ಕುಸಿದಾಗ ಒತ್ತುವುದೊಂದನ್ನೇ ಹೇಳುತ್ತಾರೆ. ಮಕ್ಕಳಿಗೆ, ನೀರಿನಲ್ಲಿ ಮುಳುಗಿದವರಿಗೆ ಮಾತ್ರ ಉಸಿರೂದುವುದೂ ಅವಶ್ಯ.

“ಪಕ್ಕೆಲುಬು ಮುರಿದರೆ? ಹೃದಯ ನಿಂತಿರದಿದ್ದರೆ?” ಎಂಬ ಅಳುಕು ಸಹಜ. ಇದಕ್ಕೂ ಕಿಂಗ್ ಕೌಂಟಿಯೇ 2010ರಲ್ಲಿ ಉತ್ತರ ಕೊಟ್ಟಿತು. ಹೃದಯ ನಿಂತಿರದಿದ್ದರೂ ತಪ್ಪಾಗಿ ಎದೆ ಒತ್ತಿಸಿಕೊಂಡವರನ್ನು ಪರಿಶೀಲಿಸಿದಾಗ, ಮೂಳೆ ಮುರಿದದ್ದು ನೂರಕ್ಕೆ ಸುಮಾರು ಇಬ್ಬರಿಗೆ. ಒಳಗಿನ ಅಂಗಗಳಿಗೆ ಪೆಟ್ಟು ಯಾರಿಗೂ ಆಗಿರಲಿಲ್ಲ. ಮುರಿದ ಎಲುಬು ಕೂಡುತ್ತದೆ; ಹೋದ ಪ್ರಾಣ ಬಾರದು.

ಕಾಣದ ಕೈ

ನಿಮಿಷಕ್ಕೆ 100ರಿಂದ 120 ಬಾರಿ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಆಳ: ಒತ್ತುವ ಲೆಕ್ಕವಿದು. ಎರಡು ನಿಮಿಷದಲ್ಲಿ ಗಟ್ಟಿಗರ ತೋಳೂ ಸೋಲುತ್ತದೆ. “ಇನ್ನು ನನ್ನಿಂದಾಗದು” ಎಂದು ಆಕೆ ಅಳುವಾಗ, “ಆಗುತ್ತದೆ ಅಮ್ಮಾ, ನಿಲ್ಲಿಸಬೇಡಿ, ನಾನಿದ್ದೇನೆ” ಎನ್ನುವುದೇ ಆಪರೇಟರನ ಪಾಲಿನ ಕಷ್ಟದ ಕೆಲಸ. ಅವನಿಗೆ ರೋಗಿಯ ಮುಖ ಕಾಣದು. ಎಣಿಕೆಯ ದನಿ ಕುಗ್ಗುವುದರಿಂದಲೇ ತೋಳಿನ ದಣಿವನ್ನು ಅರಿಯಬೇಕು. ಬಾಗಿಲು ತೆರೆದ ಸದ್ದಾಗುತ್ತದೆ, ಆಂಬುಲೆನ್ಸಿನವರು ಒಳಗೆ ಬರುತ್ತಾರೆ, ದೂರವಾಣಿ ಮೌನವಾಗುತ್ತದೆ. ಆ ಹಿರಿಯರು ಬದುಕಿದರೆ? ಅದು ತಿಳಿಯುವ ಮೊದಲೇ ಮತ್ತೊಂದು ಕರೆ ಬಂದಿರುತ್ತದೆ.

ನಮ್ಮ ದೇಶದಲ್ಲಿ 108 ಸಂಖ್ಯೆಯ ಸೇವೆ 2005ರಲ್ಲಿ ಹೈದರಾಬಾದಿನಲ್ಲಿ ಮೊದಲಾಗಿ, 2008ರಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಿಂದ ಕರ್ನಾಟಕಕ್ಕೆ ಬಂದಿತು. 2017ರಲ್ಲಿ ಭಾರತದ ಅರಿವಳಿಕೆ ತಜ್ಞರು ಜನಸಾಮಾನ್ಯರಿಗಾಗಿ ರೂಪಿಸಿದ ಕ್ರಮವೂ ಎದೆ ಒತ್ತುವುದೊಂದನ್ನೇ ಬೋಧಿಸುತ್ತದೆ. ಮನೆಯವರೆಲ್ಲ ಒಮ್ಮೆ ಕುಳಿತು ಇದನ್ನು ಕಲಿತಿರುವುದು ಲೇಸು. ಅಂಥ ಗಳಿಗೆ ಬಂದಲ್ಲಿ ಮೊದಲು ಕರೆ ಮಾಡಿ, ಫೋನಿನ ಸ್ಪೀಕರನ್ನು ತೆರೆದು ಪಕ್ಕದಲ್ಲಿಟ್ಟರೆ, ಕೈಗಳೆರಡೂ ಕೆಲಸಕ್ಕೆ ಬಿಡುವಾಗುತ್ತವೆ.

ಸಾವಿತ್ರಿ ಮಾತಿನಿಂದಲೇ ಯಮನನ್ನು ಗೆದ್ದಳೆಂದು ಪುರಾಣ ಹೇಳುತ್ತದೆ. ಇಲ್ಲಿ ಮಾತು ಒಬ್ಬರದು, ಕೈ ಇನ್ನೊಬ್ಬರದು. ಎರಡೂ ಕೂಡಿದ ಕಡೆಗಳಲ್ಲಿ ಕೆಲವೊಮ್ಮೆ ಯಮ ಬರಿಗೈಯಲ್ಲಿ ಹಿಂದಿರುಗಿದ್ದಾನೆ.