ತಲೆಗೂ ಹೆಲ್ಮೆಟ್ಟಿಗೂ ನಡುವಿನ ಜಾಗ

ಮುಳಬಾಗಿಲಿನಿಂದ ನರಸಾಪುರದ ಕಾರ್ಖಾನೆಗೆ ದಿನಾ ಬೈಕಿನಲ್ಲಿ ಹೋಗಿಬರುವ ಓದುಗರೊಬ್ಬರು ಕೇಳಿದ್ದಾರೆ: "ಮಿಲಿಟರಿ ಹೆಲ್ಮೆಟ್ ಎಕೆ-47 ಗುಂಡನ್ನೇ ತಡೆಯುತ್ತದಂತೆ. ಅದನ್ನೇ ಹಾಕಿಕೊಂಡು ಹೈವೇಗೆ ಇಳಿದರೆ ಲಾರಿಗೂ ಹೆದರಬೇಕಿಲ್ಲ ಅಲ್ಲವೇ ಸಾರ್?"

ಪ್ರಶ್ನೆ ಚಿಕ್ಕದು, ಅದರೊಳಗೆ ತಪ್ಪು ಎರಡು. ಮೊದಲನೆಯದು ಸಿನಿಮಾ ಕಲಿಸಿದ್ದು. 1915ರಲ್ಲಿ ಫ್ರೆಂಚರೂ ಬ್ರಿಟಿಷರೂ ಸೈನಿಕರಿಗೆ ಉಕ್ಕಿನ ಟೋಪಿ ಕೊಟ್ಟದ್ದು ಗುಂಡಿಗಾಗಿ ಅಲ್ಲ, ಸಿಡಿದ ಶೆಲ್ಲುಗಳ ಚೂರು ಕಂದಕದೊಳಗೆ ಮಳೆಗರೆಯುತ್ತಿತ್ತು ಎಂಬ ಕಾರಣಕ್ಕೆ. ಇಂದಿಗೂ ಮಾಮೂಲಿ ಸೇನಾ ಹೆಲ್ಮೆಟ್ಟಿನ ಮುಖ್ಯ ಕೆಲಸ ಅದೇ. ಜೊತೆಗೆ ಪಿಸ್ತೂಲಿನ 9 ಮಿ.ಮೀ. ಗುಂಡನ್ನು ತಡೆಯುತ್ತದೆ. ನಮ್ಮ ಭೂಸೇನೆಗಾಗಿ ಕಾನ್ಪುರದ ಎಂಕೆಯು ಕಂಪನಿಗೆ ಕೊಟ್ಟ ಸುಮಾರು 1.58 ಲಕ್ಷ ಹೆಲ್ಮೆಟ್ಟುಗಳ ಗುತ್ತಿಗೆಯೂ ಈ ಬಗೆಯದೇ.

ಪಿಸ್ತೂಲಿನ ಗುಂಡೂ ಎಕೆ-47ರ ಗುಂಡೂ ತೂಕದಲ್ಲಿ ಹೆಚ್ಚುಕಡಿಮೆ ಒಂದೇ, ಸುಮಾರು 8 ಗ್ರಾಂ. ಆದರೆ ಒಂದರ ವೇಗ ಸೆಕೆಂಡಿಗೆ 400 ಮೀಟರಿನ ಆಸುಪಾಸು, ಇನ್ನೊಂದರದು 700ರ ಮೇಲೆ. ಶಕ್ತಿ ವೇಗದ ವರ್ಗದಷ್ಟು ಏರುವುದರಿಂದ ಎರಡನೆಯದರ ಏಟು ಹತ್ತಿರಹತ್ತಿರ ಮೂರು ಪಟ್ಟು. ಅದನ್ನು ತಡೆಯಲೆಂದೇ ಕಾಶ್ಮೀರದಲ್ಲಿ ನಮ್ಮ ಸೈನಿಕರು 'ಪಟ್ಕಾ' ತೊಟ್ಟರು. ಹಣೆಗೂ ಹಿಂದಲೆಗೂ ದಪ್ಪ ಉಕ್ಕಿನ ಫಲಕ, ನೆತ್ತಿ ಬಯಲು. ಇಡೀ ತಲೆಗೆ ಅಷ್ಟು ಉಕ್ಕು ಹೊದಿಸಿದರೆ ಕತ್ತು ಎತ್ತುವುದೇ ಕಷ್ಟ.

ಈಗ ನನಗೆ ಅತಿ ಸೋಜಿಗವೆನಿಸುವ ಸಂಗತಿಗೆ ಬರುತ್ತೇನೆ. 1965ರಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ರಸಾಯನ ವಿಜ್ಞಾನಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ನಡೆಸಿದ ಪ್ರಯೋಗದಿಂದ ಕೆವ್ಲಾರ್ ನೂಲು ಬಂತು. ಅದರ ಬಟ್ಟೆಯನ್ನು ಪದರದ ಮೇಲೆ ಪದರ ಅಂಟಿಸಿ ಒತ್ತಿದರೆ ಹೆಲ್ಮೆಟ್ಟಿನ ಚಿಪ್ಪು. ಗುಂಡು ಬಡಿದಾಗ ನೂಲುಗಳು ಆ ಎಳೆತವನ್ನು ದೂರದೂರಕ್ಕೆ ಹಂಚುತ್ತವೆ. ಗುಂಡು ಚಪ್ಪಟೆಯಾಗಿ ಪದರಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅಬ್ಬ, ಬದುಕಿದ ಎನ್ನುತ್ತೀರಿ. ಅವಸರ ಬೇಡ! ಕಣ್ಣು ಮಿಟುಕಿಸುವುದರೊಳಗೆ ಚಿಪ್ಪಿನ ಒಳಮೈ ತಲೆಯ ಕಡೆಗೆ ಉಬ್ಬುತ್ತದೆ. ಗುಂಡು ಒಳಗೆ ಬರದಿದ್ದರೂ ಆ ಉಬ್ಬೇ ಬುರುಡೆಗೆ ಗುದ್ದಿ ಮೂಳೆ ಮುರಿಯಬಲ್ಲದು.

ಅದಕ್ಕೇ ಚಿಪ್ಪಿಗೂ ತಲೆಗೂ ನಡುವೆ ಪಟ್ಟಿ, ಪ್ಯಾಡು ಇಟ್ಟು ಜಾಗ ಉಳಿಸುವುದು. ಕೋಲಾರದ ಟೊಮೆಟೊ ಮಂಡಿಯ ಹಮಾಲರಿಗೆ ಇದನ್ನು ವಿವರಿಸಬೇಕಿಲ್ಲ: ಕ್ರೇಟಿನ ಅಂಚು ಮೀರಿ ಹಣ್ಣು ತುಂಬಿದರೆ, ಮೇಲೆ ಪೇರಿಸಿದ ಕ್ರೇಟು ಗಟ್ಟಿಯಾಗಿದ್ದಷ್ಟೂ ಹಣ್ಣಿಗೇ ಕೇಡು. ಅಮೆರಿಕದ ಸೇನೆ ಜೇಡಿ ತುಂಬಿದ ಕೃತಕ ತಲೆಗೆ ಹೆಲ್ಮೆಟ್ ತೊಡಿಸಿ ಗುಂಡು ಹಾರಿಸಿ ನೋಡುತ್ತದೆ. ಜೇಡಿಯಲ್ಲಿ ಮೂಡುವ ಗುಳಿ ಮುಂದೆ, ಹಿಂದೆ 25.4 ಮಿ.ಮೀ. ಮೀರಬಾರದು, ಪಕ್ಕದಲ್ಲಿ, ನೆತ್ತಿಯಲ್ಲಿ 16. ಜೇಡಿಯ ಗುಳಿಗೂ ಮಿದುಳಿನ ಪೆಟ್ಟಿಗೂ ಸಂಬಂಧ ಎಷ್ಟೆಂದು ತಜ್ಞರು ಇನ್ನೂ ವಾದಿಸುತ್ತಿದ್ದಾರೆ.

ಆ ಜಾಗವನ್ನು ನಮ್ಮವರು ಹೇಗೆ ಬಳಸುತ್ತಾರೆ? ಮಾಲೂರಿನ ಕಡೆ ಕಟ್ಟಡ ಕೆಲಸದವರ ಹಳದಿ ಟೋಪಿಯೊಳಗೆ ಟವೆಲು, ಬೀಡಿಕಟ್ಟು ಕಂಡಿದ್ದೇನೆ. ಶ್ರೀನಿವಾಸಪುರದ ರಸ್ತೆಯಲ್ಲಂತೂ ಕೆನ್ನೆಗೂ ಹೆಲ್ಮೆಟ್ಟಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಮಾವಿನ ರೇಟು ಮಾತಾಡುತ್ತಾ ಹೋಗುವವರು ಎಷ್ಟೋ ಮಂದಿ. ಜೀವ ಉಳಿಸಲೆಂದು ಖಾಲಿ ಬಿಟ್ಟದ್ದನ್ನು ಜೇಬು ಮಾಡಿಕೊಂಡರೆ ಹೇಗೆ ಸ್ವಾಮಿ?

ಓದುಗರ ಎರಡನೆಯ ತಪ್ಪು: ಗುಂಡು ತಡೆಯುವ ಟೋಪಿ ಡಾಂಬರನ್ನೂ ತಡೆದೀತು ಎಂಬುದು. ಆ ಅಮೆರಿಕನ್ ಹೆಲ್ಮೆಟ್ಟಿನ ಡಿಕ್ಕಿ ಪರೀಕ್ಷೆ ನಡೆಯುವುದು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ, ಅಂದರೆ ಅರ್ಧ ಮೀಟರ್ ಎತ್ತರದಿಂದ ಬಿದ್ದ ಹಾಗೆ. ಯುರೋಪಿನಲ್ಲಿ ಬೈಕ್ ಹೆಲ್ಮೆಟ್ಟಿನ ಪರೀಕ್ಷೆ 7.5 ಮೀಟರ್ ವೇಗದಲ್ಲಿ. ಶಕ್ತಿಯ ಲೆಕ್ಕದಲ್ಲಿ ಆರು ಪಟ್ಟು. ಬೈಕ್ ಹೆಲ್ಮೆಟ್ಟಿನ ಒಳಗಿರುವ ಥರ್ಮೋಕೋಲ್ ತಾನು ಪುಡಿಯಾಗುತ್ತಾ ತಲೆಯನ್ನು ನಿಧಾನವಾಗಿ ನಿಲ್ಲಿಸುತ್ತದೆ. ಸೈನಿಕರ ಟೋಪಿಯಲ್ಲಿ ಅಷ್ಟು ದಪ್ಪದ ಮೆತ್ತೆ ಇಲ್ಲ.

ಇನ್ನು ಗಲ್ಲದ ಪಟ್ಟಿ. ಎರಡನೇ ಮಹಾಯುದ್ಧದಲ್ಲಿ ಅನೇಕ ಅಮೆರಿಕನ್ ಸೈನಿಕರು, ಪಟ್ಟಿ ಬಿಗಿದರೆ ಸ್ಫೋಟದ ಗಾಳಿಗೆ ಕತ್ತೇ ಮುರಿಯುತ್ತದೆಂದು ನಂಬಿ ಅದನ್ನು ಬಿಚ್ಚಿಟ್ಟು ಓಡಾಡುತ್ತಿದ್ದರು. ನಮ್ಮಲ್ಲಿ ಆ ನೆಪವೂ ಇಲ್ಲ. ಪೊಲೀಸರ ಕಣ್ಣಿಗೆ ಟೋಪಿ, ಗಾಳಿಗೆ ಹಾರಾಡಲು ಪಟ್ಟಿ, ದೃಷ್ಟಿಗೆ ಹ್ಯಾಂಡಲಿನಲ್ಲಿ ನಿಂಬೆಹಣ್ಣು! ಬಿದ್ದ ಗಳಿಗೆಯಲ್ಲಿ ನಿಂಬೆಹಣ್ಣು ಏನೂ ಮಾಡದು. ಪಟ್ಟಿ ಹಾಕದ ಹೆಲ್ಮೆಟ್ಟು ನಿಮಗಿಂತ ಮೊದಲೇ ಚರಂಡಿ ಸೇರುತ್ತದೆ.

ಆದ್ದರಿಂದ ಓದುಗ ಮಿತ್ರರೇ, ಮಿಲಿಟರಿ ಬಣ್ಣದ ಅರೆಟೋಪಿಯ ಮೋಹ ಬಿಟ್ಟು ಐಎಸ್‌ಐ ಗುರುತಿನ ಹೆಲ್ಮೆಟ್ ಕೊಳ್ಳಿ. 2021ರ ಜೂನ್‌ನಿಂದ ಅದು ಕಡ್ಡಾಯವೂ ಹೌದು. ಪಟ್ಟಿ ಬಿಗಿಯಿರಿ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟಿನ ಹೊರಬಣ್ಣ ಮಾಸದಿದ್ದರೂ ಒಳಗೆ ಕುಗ್ಗಿದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ. ಹೊಸದಾಗಿದೆಯಲ್ಲ ಎಂದು ಅದನ್ನು ತಮ್ಮನಿಗೆ ದಾಟಿಸಬೇಡಿ. ಪಟ್ಟಿ ಕತ್ತರಿಸಿ ಗುಜರಿಗೆ ಹಾಕಿ.